ತುಂಡು ಮುಗಿಯಿತು, ಸಹಿ ಉಳಿಯಿತು

ನಾನು ನಿವೃತ್ತಳಾಗಿದ್ದೇನೆ ಎಂದರೆ ಜನ ನಗುತ್ತಾರೆ. ಕೂದಲು ಕಪ್ಪಗಿದೆ, ಮಂಡಿ ನೋಯುವುದಿಲ್ಲ, ನಲವತ್ತು ಇನ್ನೂ ಬಂದಿಲ್ಲ. ಆದರೆ ಇಷ್ಟು ವರ್ಷ ಮಾಡಿದ ಕೆಲಸವನ್ನು ಇನ್ನು ಮಾಡುವುದಿಲ್ಲ ಎಂದು ಬರೆದುಕೊಟ್ಟು ಎದ್ದು ಬಂದವಳನ್ನು ಇನ್ನೇನೆಂದು ಕರೆಯಬೇಕು? ನಿವೃತ್ತಿಗೆ ವಯಸ್ಸಾಗಿರಬೇಕು ಎನ್ನುವುದು ಪಿಂಚಣಿ ಕೊಡುವವರ ವಾದ. ನನಗೆ ಯಾರೂ ಪಿಂಚಣಿ ಕೊಡುತ್ತಿಲ್ಲ.

ನಾನು ಪ್ಯಾಥಾಲಜಿಸ್ಟ್ ಆಗಿದ್ದೆ. ರೋಗಿಯ ಮೈಯಿಂದ ತೆಗೆದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇದು ಕ್ಯಾನ್ಸರೋ ಅಲ್ಲವೋ, ಹೌದಾದರೆ ಯಾವ ಬಗೆಯದು ಎಂದು ಹೇಳುವ ಡಾಕ್ಟರು. ಚೆನ್ನೈಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ರೋಗಿಗಳು ನಮ್ಮ ಮುಖ ನೋಡುವುದಿಲ್ಲ, ವರದಿಯ ಕೊನೆಯಲ್ಲಿರುವ ಸಹಿಯನ್ನು ನೋಡುತ್ತಾರೆ. ಹಾಗಾಗಿ ನಮ್ಮ ವೃತ್ತಿಯ ಜಗಳಗಳೆಲ್ಲ ಸಹಿಯ ಸುತ್ತಲೇ.

ಎಂ.ಡಿ. ಮುಗಿಸಿ ಈ ಕೆಲಸಕ್ಕೆ ಕಾಲಿಡುತ್ತಿರುವ ಹುಡುಗ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಆಂಕೋಪ್ಯಾಥಾಲಜಿ ಬೋರ್ಡ್ ಮಾಡೋದು ವರ್ತ್ ಆ?" ಕ್ಯಾನ್ಸರ್ ತುಂಡುಗಳನ್ನು ಓದುವುದರಲ್ಲಿ ಇವರು ವಿಶೇಷ ಪರಿಣತರು ಎಂದು ಒಂದು ಮಂಡಳಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಅದನ್ನು ನಾವು ಬೋರ್ಡು ಅನ್ನುತ್ತೇವೆ. ಎಂ.ಡಿ. ಆದವರೂ ಕ್ಯಾನ್ಸರ್ ಓದಲು ಕಲಿತೇ ಬಂದಿರುತ್ತಾರೆ, ಓದುತ್ತಲೂ ಇರುತ್ತಾರೆ. ಬೋರ್ಡು ಅದರ ಮೇಲಿನ ಇನ್ನೊಂದು ಮೊಹರು. ಆ ಮೊಹರಿಗೆ ವರ್ಷಗಟ್ಟಲೆ ಓದು ಬೇಕು, ಊರು ಬಿಟ್ಟು ಊರಿಗೆ ಹೋಗಬೇಕು, ಮದುವೆ ಮಕ್ಕಳನ್ನು ಮುಂದೂಡಬೇಕು.

ಕಾಲೇಜಿನಲ್ಲಿ ನಾನು ಡಿಬೇಟ್ ತಂಡದಲ್ಲಿದ್ದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಾರದವರಿಗೆ ಅದನ್ನು ಮುರಿಯುವ ಹಕ್ಕಿಲ್ಲ ಎಂದು ಅಲ್ಲಿ ಕಲಿಸಿದ್ದರು. ಆದ್ದರಿಂದ ಬೋರ್ಡಿನ ಪರವಾಗಿ ಇರುವ ಅತ್ಯುತ್ತಮ ವಾದವನ್ನೇ ಮೊದಲು ಮಂಡಿಸುತ್ತೇನೆ. ಆ ವಾದ ಎಂದರೆ ನಮ್ಮ ಚೀಫ್.

ಚೀಫ್ ನಮ್ಮ ವಿಭಾಗದ ಮುಖ್ಯಸ್ಥರು. ಮೂಲ ಮಂಡ್ಯ ಕಡೆ. ತಾತನ ಕಾಲಕ್ಕೇ ಇಲ್ಲಿಗೆ ಬಂದ ಮನೆತನ, ಹಾಗಾಗಿ ಅವರ ಕನ್ನಡದಲ್ಲಿ ಅರ್ಧ ತಮಿಳು. ವಿದೇಶದಲ್ಲಿ ಬೋರ್ಡು ಪಾಸು ಮಾಡಿ ಬಂದವರು. ಒಂದು ದಿನ ಒಬ್ಬ ಶಾಲಾ ಶಿಕ್ಷಕಿಯ ಹೊಟ್ಟೆಯ ತುಂಡು ಬಂದಿತ್ತು. ಒಂದು ಮೂಲೆಯಲ್ಲಿ ನಿಚ್ಚಳ ಕ್ಯಾನ್ಸರ್. ನಾವು ಮೂವರು ನೋಡಿ ಒಪ್ಪಿದ್ದೆವು, ವರದಿ ಟೈಪಾಗಿತ್ತು. ಚೀಫ್ ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಇದು ಈಯಮ್ಮನದಲ್ಲ ಮಾ."

"ಅಂದ್ರೆ?"

"ಈ ಪೀಸ್ ವಿರುಂದಾಳಿ. ಬೇರೆ ಮನೆಯಿಂದ ಊಟಕ್ಕೆ ಬಂದಿರೋ ನೆಂಟ. ನೋಡು, ಉಳಿದ ಪೀಸೆಲ್ಲ ಒಂದು ಮಟ್ಟದಲ್ಲಿ ಫೋಕಸ್ ಆಗತ್ತೆ, ಇದೊಂದು ಮೇಲೆ ತೇಲತ್ತೆ. ಸುತ್ತಮುತ್ತ ಒಂದು ಉರಿಯೂತ ಇಲ್ಲ, ಒಂದು ರಕ್ತ ಇಲ್ಲ. ಕ್ಯಾನ್ಸರ್ ಇಷ್ಟು ಮರ್ಯಾದಸ್ಥನಾಗಿ ಬಂದು ಕೂರತ್ತಾ?"

ಹುಡುಕಿದೆವು. ಯಂತ್ರದಲ್ಲಿ ಶಿಕ್ಷಕಿಯ ತುಂಡಿಗಿಂತ ಮೊದಲು ಕತ್ತರಿಸಿದ್ದು ಬೇರೊಬ್ಬರ ದೊಡ್ಡ ಹೊಟ್ಟೆ ಕ್ಯಾನ್ಸರು. ಅದರದೊಂದು ಚೂರು, ಕತ್ತರಿಸಿದ ಪೊರೆಗಳನ್ನು ತೇಲಿಬಿಡುವ ಬಿಸಿನೀರಿನ ತಟ್ಟೆಯಲ್ಲಿ ಉಳಿದು ಇವರ ಸ್ಲೈಡಿಗೆ ಹತ್ತಿಕೊಂಡಿತ್ತು. ಆ ಶಿಕ್ಷಕಿಯ ಹೊಟ್ಟೆಯನ್ನು ಕೊಯ್ದು ಹಾಕುವುದು ತಪ್ಪಿತು. ಇದಕ್ಕಿಂತ ದೊಡ್ಡ ಪಾಂಡಿತ್ಯ ನಾನು ಕಂಡಿಲ್ಲ. ಪರವಾದ ವಾದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೇನೆ.

ಆದರೆ ಆವತ್ತೇ ಕೇಳಿದ್ದೆ: "ಸರ್, ಇದನ್ನ ಬೋರ್ಡಲ್ಲಿ ಕಲಿಸಿದ್ರಾ?"

"ಬೋರ್ಡಾ? ಅದು ಏನು ಕಲಿಸತ್ತೆ? ಇದು ನಮ್ಮ ಪ್ರೊಫೆಸರ್ ಕೈಲಿ ಬೈಸ್ಕೊಂಡು ಕಲ್ತಿದ್ದು."

ಅವರ ಬಾಯಿಂದಲೇ ಬಂದ ಮಾತು. ಗುರುತು ಹಾಕಿಕೊಳ್ಳಿ.

ಈಗ ಕೆಲಸದ ರೀತಿಯ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತುಂಡನ್ನು ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಅದಕ್ಕೆ ಬ್ಲಾಕು ಎಂದು ಹೆಸರು. ಅದನ್ನು ಯಂತ್ರಕ್ಕೆ ಸಿಕ್ಕಿಸಿ ಈರುಳ್ಳಿ ಪೊರೆಗಿಂತ ತೆಳುವಾಗಿ ಹೆರೆಯುತ್ತಾರೆ. ಒಂದೊಂದು ಹೆರೆಗೂ ಬಣ್ಣ ಹಾಕಿ ಸ್ಲೈಡ್ ಮಾಡುತ್ತಾರೆ. ನಾನು ಸೇರಿದಾಗ ಎಲ್ಲಕ್ಕೂ ಗುಲಾಬಿ ಮತ್ತು ನೀಲಿ, ಎರಡೇ ಬಣ್ಣ. ಅಷ್ಟರಲ್ಲೇ ಕಣ್ಣು ನಿರ್ಧಾರ ಮಾಡಬೇಕಿತ್ತು. ಆಮೇಲೆ ಪ್ರತಿಕಾಯದ ಬಣ್ಣಗಳು ಬಂದವು, ಒಂದೊಂದು ಪ್ರಶ್ನೆಗೆ ಒಂದೊಂದು. ಬಂದದ್ದು ಒಳ್ಳೆಯದೇ. ಆದರೆ ಪ್ರತಿ ಬಣ್ಣಕ್ಕೂ ಇನ್ನೊಂದು ಹೆರೆ ಬೇಕು. ಜೊತೆಗೆ, ಬ್ಲಾಕನ್ನು ಯಂತ್ರದಿಂದ ಒಮ್ಮೆ ತೆಗೆದು ಮತ್ತೆ ಸಿಕ್ಕಿಸಿದರೆ ಮೊದಲಿನ ಮಟ್ಟಕ್ಕೆ ಕೂರುವುದಿಲ್ಲ. ಸಮ ಮಾಡಲು ಒಂದಷ್ಟು ಹೆರೆದು ಬಿಸಾಡಬೇಕು. ದೊಡ್ಡ ಗಡ್ಡೆಯಾದರೆ ಚಿಂತೆಯಿಲ್ಲ. ಸೂಜಿಯಿಂದ ತೆಗೆದ ನೂಲಿನೆಳೆಯಂಥ ತುಂಡಾದರೆ, ಆ ಬಿಸಾಡುವುದರಲ್ಲೇ ರೋಗಿಯ ಅರ್ಧ ಆಯುಷ್ಯ ಹೋಗುತ್ತದೆ.

ಆಮೇಲೆ ಆಸ್ಪತ್ರೆಗೆ ಹೊಸ ನಿಯಮ ಬಂತು. ಬೋರ್ಡು ಇಲ್ಲದವರು ಕ್ಯಾನ್ಸರ್ ವರದಿಗೆ ಸಹಿ ಹಾಕುವಂತಿಲ್ಲ. ನಾನು ಬರೆದದ್ದು ಕರಡು. ಬೋರ್ಡಿರುವವರು ನೋಡಿ ಸಹಿ ಹಾಕಿದರೆ ಅದು ವರದಿ. ಶ್ವಾಸಕೋಶದ ಕ್ಯಾನ್ಸರಾದರೆ ಹೊರಗಿನ ಇನ್ನೊಬ್ಬ ಬೋರ್ಡಿನವರ ಅಭಿಪ್ರಾಯವೂ ಬೇಕು. ಜಾಹೀರಾತಿನಲ್ಲಿ ಇದನ್ನು ‘ಎರಡು ಜೋಡಿ ಪರಿಣತ ಕಣ್ಣು’ ಎಂದು ಬರೆದರು. ನನ್ನವು ಯಾವ ಜೋಡಿಗೆ ಸೇರುತ್ತವೆ ಎಂದು ಯಾರೂ ಹೇಳಲಿಲ್ಲ.

ಚೀಫ್ ರೂಮಿಗೆ ಹೋಗಿ ಜಗಳವಾಡಿದೆ.

"ನಿನ್ನೆ ತನಕ ನನ್ನ ಕಣ್ಣು ಸರಿ ಇತ್ತು. ಇವತ್ತು ಏನಾಯ್ತು ಸರ್?"

"ನಿನ್ನ ಕಣ್ಣಿಗೆ ಏನೂ ಆಗಿಲ್ಲ ಮಾ. ಮೇನೇಜ್‌ಮೆಂಟ್ ಕಣ್ಣಿಗೆ ಆಗಿದೆ. ಬೋರ್ಡ್ ಬರೆದುಬಿಡು, ತೊಲ್ಲೆ ವಿಟ್ಟುದು. ಈ ವಾದವೆಲ್ಲ ಯಾತುಕು?"

ತೊಲ್ಲೆ ವಿಟ್ಟುದು ಎಂದರೆ ಪೀಡೆ ತೊಲಗಿತು ಎಂದರ್ಥ. ಪೆರಂಬೂರಿನ ನಮ್ಮ ಮನೆಯಲ್ಲೂ ಅದೇ ರಾಗ. "ಹೆಸರಿನ ಮುಂದೆ ನಾಲ್ಕಕ್ಷರ ಸೇರಿಸ್ಕೊಳ್ಳೋಕೆ ನಿಂಗೇನೇ ಕಷ್ಟ? ನೀನು ಹೋಗಿ ನಿಂತ್ರೆ ಸಾಕು, ಅಲ್ಲಿ ಗೋಡೇನೂ ಜಗಳಕ್ಕೆ ಬರತ್ತೆ" ಅಂದಳು ಅಮ್ಮ. ಅರ್ಜಿ ಹಾಕಿದೆ. ಒಪ್ಪಿ ಹಾಕಲಿಲ್ಲ. ಸೋತ ಪಕ್ಷದವರು ಟ್ರೋಫಿ ಹಂಚುವ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತಾರಲ್ಲ, ಹಾಗೆ.

ಓದು ನಡೆದಿರುವಾಗಲೇ ಗುರುಸಿದ್ದಪ್ಪನವರ ತುಂಡು ಬಂತು.

ಗುರುಸಿದ್ದಪ್ಪ ಇಳಕಲ್ಲಿನ ಕಡೆಯವರು. ಸೌಕಾರ್‌ಪೇಟೆಯಲ್ಲಿ ರವಿಕೆ ಬಟ್ಟೆಯ ಸಗಟು ಅಂಗಡಿ. ಶ್ವಾಸಕೋಶದಲ್ಲಿ ಗಡ್ಡೆ. ಸೂಜಿ ಹಾಕಿ ತುಂಡು ತೆಗೆಯುವಾಗ ಶ್ವಾಸಕೋಶದಿಂದ ಗಾಳಿ ಸೋರಿ ಅದು ಕುಸಿದು, ಎದೆಗೆ ಕೊಳವೆ ಹಾಕಿ ಮಲಗಿಸಬೇಕಾಯಿತು. ಅಷ್ಟು ಕಷ್ಟಪಟ್ಟು ಸಿಕ್ಕದ್ದು ಉಗುರಿನ ಚೂರಿನಷ್ಟು. ಗುಲಾಬಿ ನೀಲಿ ಸ್ಲೈಡಿನಲ್ಲೇ ಕ್ಯಾನ್ಸರಿನ ಬಗೆ ಸ್ಪಷ್ಟವಿತ್ತು. ಆ ಬಗೆಯಲ್ಲಿ ಕೆಲವರಿಗೆ ಒಂದು ಜೀನಿನಲ್ಲಿ ಬದಲಾವಣೆ ಇರುತ್ತದೆ. ಇದ್ದರೆ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಅಂಗಡಿಗೆ ಹೋಗಬಹುದು. ಇಲ್ಲದಿದ್ದರೆ, ಅಥವಾ ಗೊತ್ತಾಗದಿದ್ದರೆ, ರಕ್ತನಾಳಕ್ಕೆ ಕೀಮೋ ಹನಿ. ಅದನ್ನು ತಿಳಿಯಲು ಉಳಿದ ತುಂಡು ಜೀನ್ ಪರೀಕ್ಷೆಗೆ ಹೋಗಬೇಕು. ‘ಇನ್ನು ಕತ್ತರಿಸಬೇಡಿ, ಉಳಿದದ್ದನ್ನು ಜೀನ್ ಪರೀಕ್ಷೆಗೆ ಕಳಿಸಿ’ ಎಂದು ಕರಡಿನ ತಲೆಯ ಮೇಲೇ ದಪ್ಪಕ್ಷರದಲ್ಲಿ ಬರೆದೆ.

ಕರಡನ್ನು ಯಾರು ಓದುತ್ತಾರೆ? ಸಹಿ ತಮ್ಮದಾಗಿರುವಾಗ ಚೀಫ್ ತಮ್ಮದೇ ಬಣ್ಣಗಳನ್ನು ನೋಡಬೇಕು ಅಂದರು. ಬ್ಲಾಕು ಮತ್ತೆ ಯಂತ್ರಕ್ಕೆ ಹೋಯಿತು. ಹೆರೆದರು, ಸಮ ಮಾಡಿದರು, ಬಿಸಾಡಿದರು. ಬಣ್ಣ ಹಾಕಿ ನೋಡಿ ನಾನು ಬರೆದದ್ದನ್ನೇ ಬರೆದರು. ನಂತರ ಬ್ಲಾಕು ಹೊರಗಿನ ತಜ್ಞರಿಗೆ ಹೋಯಿತು. ಬೇರೆಯವರ ಬಣ್ಣಗಳನ್ನು ಅವರು ನಂಬುವುದಿಲ್ಲವಂತೆ, ತಮ್ಮ ಯಂತ್ರದಲ್ಲೇ ಆಗಬೇಕು. ಅಲ್ಲೂ ಹೆರೆದರು, ಸಮ ಮಾಡಿದರು, ಬಿಸಾಡಿದರು. ಅವರೂ ನಾನು ಬರೆದದ್ದನ್ನೇ ಬರೆದರು. ಬ್ಲಾಕು ಹಿಂದಿರುಗಿದಾಗ ಬೆಳಕಿಗೆ ಹಿಡಿದು ನೋಡಿದೆ. ಮೇಣ. ಬರೀ ಮೇಣ.

ಇದು ನಮ್ಮವರು ಮಾತ್ರ ಮಾಡಬಲ್ಲ ತಪ್ಪು. ಸೋಮಾರಿಗಳು ಇದನ್ನು ಮಾಡಲಾರರು. ಯಾರೂ ಎಡವಲಿಲ್ಲ, ಯಾರೂ ನಿದ್ದೆ ಹೊಡೆಯಲಿಲ್ಲ. ಒಬ್ಬೊಬ್ಬರೂ ಅತಿ ಎಚ್ಚರದಿಂದ, ಪ್ರಮಾಣಪತ್ರಕ್ಕೆ ತಕ್ಕ ಗಾಂಭೀರ್ಯದಿಂದ, ಒಬ್ಬ ಮನುಷ್ಯನ ಔಷಧಿಯನ್ನು ಹೆರೆದು ಕಸದ ಬುಟ್ಟಿಗೆ ಹಾಕಿದರು.

ಮನೆಯವರಿಗೆ ಹೇಳುವ ಕೆಲಸ ಮಾತ್ರ ಬೋರ್ಡಿಲ್ಲದವಳಿಗೆ ಬಂತು. ಗುರುಸಿದ್ದಪ್ಪ ಮಗಳು ಶಾಂಭವಿಯ ಜೊತೆ ಬಂದಿದ್ದರು. ಅಪ್ಪ ಕನ್ನಡದಲ್ಲಿ ಮಾತಾಡಿದರೆ ಮಗಳು ತಮಿಳಿನಲ್ಲಿ ಉತ್ತರಿಸುವ ಮನೆ. ಇನ್ನೊಮ್ಮೆ ಸೂಜಿ ಹಾಕಬೇಕಾಗಬಹುದು ಎಂದೆ.

"ಅಲ್ರೀ ಡಾಕ್ಟರ, ಮೂರು ಮಂದಿ ನೋಡೀರಿ. ಮೂರೂ ಮಂದಿ ಒಂದs ಮಾತು ಹೇಳೀರಿ. ಮೊದಲನೇದವರು ಹೇಳಿದ ಮ್ಯಾಲೆ ಉಳಿದವರು ಯಾಕ ಕತ್ತರಿಸಿದ್ರು?"

"ಖಚಿತ ಮಾಡ್ಕೊಳ್ಳೋಕೆ."

"ನಮ್ಮ ಅಂಗಡ್ಯಾಗ ಗಿರಾಕಿಗೆ ಸ್ಯಾಂಪಲ್ ಕತ್ತರಿಸಿ ಕತ್ತರಿಸಿ ತೋರಿಸಿ ಇಡೀ ಅರಿವಿ ಥಾನು ಮುಗಿಸಿದ್ರ, ಅಂಥವನ್ನ ಸಂಜಿಗೇ ಮನಿಗೆ ಕಳಸ್ತೀನಿ ನಾನು."

"ಅಪ್ಪಾ, ಕೊಂಜಂ ಸುಮ್ಮಾ ಇರುಂಗೊ" ಎಂದು ಮಗಳು ಅವರ ತೋಳು ಹಿಡಿದಳು.

"ನಾ ಯಾಕ ಸುಮ್ಮನಿರಲಿ? ಎದಿಗೆ ತೂತು ಬಿದ್ದಿದ್ದು ನನಗ. ಇನ್ನೊಮ್ಮೆ ಚುಚ್ಚಿಸಿಕೊಳ್ಳೂದಿಲ್ಲ, ಹೇಳಿಬಿಡ್ರಿ."

ಕ್ಯಾನ್ಸರ್ ಡಾಕ್ಟರೂ ಎರಡನೆಯ ಸೂಜಿ ಅಪಾಯವೆಂದೇ ಹೇಳಿದರು. ರಕ್ತದಲ್ಲಿ ಆ ಜೀನನ್ನು ಹುಡುಕುವ ಪರೀಕ್ಷೆಯನ್ನೂ ಮಾಡಿಸಿದರು. ಸಿಗಲಿಲ್ಲ. ರಕ್ತದಲ್ಲಿ ಸಿಗಲಿಲ್ಲ ಎಂದರೆ ಗಡ್ಡೆಯಲ್ಲಿ ಇಲ್ಲ ಎಂದು ಅರ್ಥವಲ್ಲ. ಹೀಗೆ ಮಾತ್ರೆಯೋ ಹನಿಯೋ ಎಂಬ ಪ್ರಶ್ನೆ ಹಾಗೇ ನೇತಾಡಿತು.

ಒಂದು ದಾರಿ ಉಳಿದಿತ್ತು. ಮೊದಲು ಮಾಡಿದ ಗುಲಾಬಿ ನೀಲಿ ಸ್ಲೈಡ್ ನಮ್ಮ ಕಪಾಟಿನಲ್ಲಿತ್ತು. ಅದರ ಮೇಲೆ ಕ್ಯಾನ್ಸರಿನ ಜೀವಕೋಶಗಳು ಬೇಕಾದಷ್ಟಿದ್ದವು. ಗಾಜಿನಿಂದ ಅವನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಬಹುದು. ಇದೇನೂ ಮಾಟಮಂತ್ರವಲ್ಲ, ಜೀನ್ ಲ್ಯಾಬಿನವರು ಒಪ್ಪಿಕೊಳ್ಳುವ ಕ್ರಮವೇ. ಆದರೆ ಕೆರೆದರೆ ಸ್ಲೈಡ್ ನಾಶವಾಗುತ್ತದೆ. ನಮ್ಮಲ್ಲಿ ಮನೆಯವರು ಕೇಳಿದರೆ ಸ್ಲೈಡನ್ನು ಕೊಡುತ್ತಿದ್ದರು, ಇದ್ದ ಹಾಗೇ ಹಿಂದಿರುಗಿಸಬೇಕು ಎಂಬ ಷರತ್ತಿನ ಮೇಲೆ. ನಾಶಮಾಡಲು ಬೋರ್ಡಿನ ಸಹಿದಾರರೊಬ್ಬರ ಒಪ್ಪಿಗೆ ಬೇಕು. ನಮ್ಮಲ್ಲಿ ಆಗ ಬೋರ್ಡಿದ್ದವರು ಚೀಫ್ ಒಬ್ಬರೇ.

"ಆಗಲ್ಲ ಮಾ" ಅಂದರು ಚೀಫ್. "ಕ್ಯಾನ್ಸರ್ ಅಂತ ನಾನು ಸೈನ್ ಹಾಕಿದೀನಿ. ನಾಳೆ ಕೇಸಾದ್ರೆ ಪ್ರೂಫ್ ಎಲ್ಲಿ? ಹಿಂದೆ ಒಂದು ಸ್ಲೈಡ್ ಕಳೆದುಹೋಯ್ತು ಅಂತ ನನ್ನನ್ನ ವರ್ಷಗಟ್ಟಲೆ ಕೋರ್ಟಿಗೆ ಅಲೆಸಿದ್ರು. ಆಗ ನೀನು ಜೊತೆಗೆ ಬಂದು ನಿಂತಿದ್ಯಾ?"

"ಸ್ಕ್ಯಾನ್ ಮಾಡಿ ಇಟ್ಕೊಳ್ಳೋಣ. ಅಷ್ಟು ದೊಡ್ಡ ಸ್ಕ್ಯಾನರ್ ತಂದು ರಿಬ್ಬನ್ ಕಟ್ ಮಾಡಿದ್ರಲ್ಲ, ಯಾತಕ್ಕೆ?"

"ಸ್ಕ್ಯಾನ್ ಕೋರ್ಟಲ್ಲಿ ನಿಲ್ಲತ್ತಾ? ನಿನಗೆ ಗೊತ್ತಾ?"

"ನಿಲ್ಲಲ್ಲ ಅಂತ ನಿಮಗೆ ಗೊತ್ತಾ?"

"ನನಗೆ ಗೊತ್ತಿಲ್ಲ, ಅದಕ್ಕೇ ಸೈನ್ ಮಾಡಲ್ಲ."

"ಆ ಸ್ಲೈಡ್ ಇರೋದು ಅವರ ರೋಗಕ್ಕೋ, ನಮ್ಮ ರಕ್ಷಣೆಗೋ ಸರ್? ಅದಿಷ್ಟು ಹೇಳಿಬಿಡಿ."

ಚೀಫ್ ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ನೀನು ಬೋರ್ಡ್ ಪಾಸ್ ಮಾಡು. ನೀನೇ ಸೈನ್ ಮಾಡು. ನಾನು ಕುರುಕ್ಕೆ ಬರಲ್ಲ." ಅಡ್ಡ ಬರುವುದಿಲ್ಲ ಎಂದು ಅವರ ಮಾತಿನ ಅರ್ಥ.

ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯ. ನೆಂಟ ಚೂರನ್ನು ಒಂದು ನೋಟದಲ್ಲಿ ಹಿಡಿದ ಕಣ್ಣೇ ಅದು. ಹೆದರಿಕೆಗೆ ಯಾವ ಬೋರ್ಡೂ ಮದ್ದಲ್ಲ ಎಂದು ಆವತ್ತು ತಿಳಿಯಿತು. ಆಡಳಿತದವರ ಬಳಿಗೂ ಹೋದೆ. ಚೀಫ್ ಒಪ್ಪಿದರೆ ತಮ್ಮದೇನೂ ಅಭ್ಯಂತರವಿಲ್ಲ ಎಂದು ಕಾಫಿ ಕೊಟ್ಟು ಕಳಿಸಿದರು. ಅಷ್ಟರಲ್ಲಿ ಕ್ಯಾನ್ಸರ್ ಡಾಕ್ಟರು ಇನ್ನು ಕಾಯಲಾಗದು ಎಂದು ಹನಿ ಶುರು ಮಾಡಿದರು.

ಲಿಖಿತ ಪರೀಕ್ಷೆ ಪೆರುಂಗುಡಿಯ ಒಂದು ಐಟಿ ಕಟ್ಟಡದ ಕಂಪ್ಯೂಟರ್ ಹಾಲಿನಲ್ಲಿ ನಡೆಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ. ಹೇಳಬೇಕಾದದ್ದು ಮೌಖಿಕ ಪರೀಕ್ಷೆಯನ್ನು. ಮೇಜಿನ ಆಚೆ ಕೂತಿದ್ದ ಹಿರಿಯರು ಯಾರೆಂದು ಹೆಸರಿನ ಪಟ್ಟಿಯಿಂದ ತಿಳಿಯಿತು: ಗುರುಸಿದ್ದಪ್ಪನವರ ಬ್ಲಾಕನ್ನು ಕೊನೆಯದಾಗಿ ಹೆರೆದ ಅದೇ ಹೊರಗಿನ ತಜ್ಞರು. ಇಂಗ್ಲಿಷಿನಲ್ಲಿ ನಡೆದದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಕೇಳಿದರು: "ಶ್ವಾಸಕೋಶದಿಂದ ಸೂಜಿಯಲ್ಲಿ ತೆಗೆದ ಸಣ್ಣ ತುಂಡು ಬಂದಿದೆ. ಹೇಗೆ ನಿಭಾಯಿಸುತ್ತೀರಿ?"

"ಬ್ಲಾಕನ್ನು ಒಂದೇ ಸಲ ಯಂತ್ರಕ್ಕೆ ಹಾಕಿ, ಬೇಕಾಗುವ ಹೆರೆಗಳನ್ನೆಲ್ಲ ಒಟ್ಟಿಗೇ ತೆಗೆದಿಟ್ಟುಕೊಳ್ಳುತ್ತೇನೆ. ಬಣ್ಣಗಳು ಅತಿ ಕಡಿಮೆ. ಉಳಿದದ್ದು ಜೀನ್ ಪರೀಕ್ಷೆಗೆ. ಮತ್ತೆ ಮತ್ತೆ ಯಂತ್ರಕ್ಕೆ ಹಾಕಬಾರದು."

"ಅತ್ಯುತ್ತಮ" ಎಂದು ಅಂಕ ಬರೆದುಕೊಂಡರು.

"ಸರ್, ಹಾಗಾದರೆ ನಮ್ಮ ಆಸ್ಪತ್ರೆಯಿಂದ ಬಂದ ಬ್ಲಾಕನ್ನು ನೀವು ಯಾಕೆ ಮತ್ತೆ ಹೆರೆದಿರಿ?"

ಪಕ್ಕದಲ್ಲಿದ್ದ ಇನ್ನೊಬ್ಬ ಪರೀಕ್ಷಕಿ ತಲೆಯೆತ್ತಿದರು. ನಾನು ಯಾವ ಪ್ರಕರಣವೆಂದು ಹೇಳಿದೆ. ಆ ಹಿರಿಯರಿಗೆ ನೆನಪಿತ್ತು. ಮುಖ ಗಂಟಿಕ್ಕಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟವರಂತೆ ಕಂಡರು.

"ಆಗಲೇ ಎಷ್ಟು ಹೆರೆದಿದ್ದರು ಎಂದು ನನಗೆ ಹೇಳಿರಲಿಲ್ಲ."

"ನೀವು ಕೇಳಿದಿರಾ?"

"ಕೇಳುವ ಪದ್ಧತಿ ಇಲ್ಲ."

"ಆ ರೋಗಿಗೆ ಈಗ ಕುರುಡು ಕೀಮೋ ಹನಿ ಹೋಗುತ್ತಿದೆ."

"ನೋಡಿ ಡಾಕ್ಟರ್, ಇದು ಅದಕ್ಕೆ ಜಾಗವಲ್ಲ. ಮುಂದಿನ ಪ್ರಶ್ನೆ."

ಜಾಗ ಯಾವುದು ಎಂದು ಕೇಳಿದೆ. ಅವರು ಪ್ರಶ್ನೆಗಳ ಹಾಳೆ ತಿರುಗಿಸಿದರು. ಮುಂದಿನ ಪ್ರಶ್ನೆಗಳಿಗೆಲ್ಲ ಹಲ್ಲು ಕಚ್ಚಿಕೊಂಡೇ ಉತ್ತರ ಹೇಳಿದೆ, ಯಾಕೆಂದರೆ ಆ ಸಹಿ ನನಗೆ ಬೇಕಿತ್ತು. ಫೇಲು ಮಾಡುತ್ತಾರೆ ಎಂದುಕೊಂಡಿದ್ದೆ. ಪಾಸು ಮಾಡಿದರು. ಫೇಲು ಮಾಡಿದ್ದರೆ ನನ್ನ ಕೋಪಕ್ಕೆ ಒಂದು ವಿಳಾಸವಾದರೂ ಸಿಗುತ್ತಿತ್ತು. ಉತ್ತರ ಸರಿಯಿತ್ತು, ಅಂಕ ಬಂತು, ಅಷ್ಟೇ. ಸರಿಯಾದ ಉತ್ತರ ಎಲ್ಲರಿಗೂ ಗೊತ್ತಿತ್ತು. ಕೇಳಿದವರಿಗೂ, ಹೇಳಿದವಳಿಗೂ. ಅದು ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಚಲಾವಣೆಯಲ್ಲಿತ್ತು.

ಫಲಿತಾಂಶ ಬಂದ ದಿನವೇ ಸ್ಲೈಡನ್ನು ಸ್ಕ್ಯಾನ್ ಮಾಡಿಸಿ, ಒಪ್ಪಿಗೆಗೆ ಸಹಿ ಹಾಕಿ, ನನ್ನ ಕೈಯಾರೆ ಕೆರೆದು ಕಳಿಸಿದೆ. ಚೀಫ್ ನುಡಿದಂತೆ ಅಡ್ಡ ಬರಲಿಲ್ಲ. "ಜಾಗ್ರತೆ ಮಾ, ಬ್ಲೇಡು ಹೊಸದು ತಗೋ" ಅಂದರು. ಜೀನಿನ ಬದಲಾವಣೆ ಇತ್ತು. ಗುರುಸಿದ್ದಪ್ಪನವರಿಗೆ ಹನಿ ನಿಲ್ಲಿಸಿ ಮಾತ್ರೆ ಕೊಟ್ಟರು. ಗಡ್ಡೆ ಕುಗ್ಗತೊಡಗಿತು.

ಈಗ ಪ್ರಶ್ನೆಗೆ ಬನ್ನಿ. ಬೋರ್ಡ್ ಮಾಡಬೇಕಾ? ಮಾಡಿ. ಮಾಡದಿದ್ದರೆ ನೀವು ಕಂಡದ್ದು ಕರಡಾಗಿಯೇ ಸಾಯುತ್ತದೆ. ಆದರೆ ಮಾಡಿ ಬಂದ ಮೇಲೆ ನಿಮಗೆ ಹೆಚ್ಚು ಗೊತ್ತಾಗಿದೆ ಎಂದು ದಯವಿಟ್ಟು ನಂಬಬೇಡಿ. ಅದೊಂದು ಕೀಲಿಕೈ. ಬಾಗಿಲಿಗೆ ಬೀಗ ಹಾಕಿದವರೇ ಕೀಲಿಕೈಯನ್ನೂ ಮಾರುತ್ತಿದ್ದಾರೆ. ಕಲಿಯುವುದನ್ನು ಬೇರೆಡೆ ಕಲಿಯಿರಿ, ಬೈಯುವವರ ಹತ್ತಿರ. ಮತ್ತು ಯಾವುದಾದರೂ ಬ್ಲಾಕು ನಿಮ್ಮ ಕೈಗೆ ಬಂದಾಗ, ಇದನ್ನು ನಿಮಗಿಂತ ಮೊದಲು ಎಷ್ಟು ಹೆರೆದರು ಎಂದು ಕೇಳಿ. ಕೇಳುವ ಪದ್ಧತಿ ಇಲ್ಲದಿದ್ದರೂ ಕೇಳಿ. ‘ಸಾಕು’ ಎನ್ನುವ ಧೈರ್ಯವನ್ನು ಯಾವ ಮಂಡಳಿಯೂ ಪರೀಕ್ಷಿಸುವುದಿಲ್ಲ.

ಇಷ್ಟು ಗೊತ್ತಿದ್ದವಳು, ಸಹಿಯೂ ಕೈಗೆ ಬಂದವಳು ಯಾಕೆ ಬಿಟ್ಟು ಬಂದೆ ಎಂದು ಕೇಳುತ್ತೀರಿ. ಇನ್ನು ಮಾಡುವುದಿಲ್ಲ ಎಂದು ನಾನು ಬರೆದುಕೊಟ್ಟದ್ದು, ಮಾತ್ರೆ ಶುರುವಾದ ಮೇಲೆ ಗುರುಸಿದ್ದಪ್ಪ ಮಗಳ ಜೊತೆ ನಮ್ಮ ವಿಭಾಗಕ್ಕೆ ಬಂದ ದಿನ. ಅವರು ಬರುವುದು ತಿಳಿದು ಚೀಫ್ ಮೊದಲೇ ಹೇಳಿದ್ದರು: "ಏನು ಕೇಳಿದ್ರೂ ಪ್ರೋಟೋಕಾಲ್ ಅನ್ನು. ಜಾಸ್ತಿ ಬೇಡ."

ಗುರುಸಿದ್ದಪ್ಪ ಇಳಿದುಹೋಗಿದ್ದರು, ಆದರೆ ಉಸಿರು ಸಲೀಸಾಗಿತ್ತು. ಕೂತವರೇ ಕೈ ಮುಂದೆ ಚಾಚಿದರು. "ಮಾತ್ರಿ ಛಲೋ ಐತ್ರಿ. ಆದ್ರ ಆ ಹನಿ ಹಾಕಿದಾಗಿಂದ ಬೆರಳ ತುದಿ ಸತ್ತಾವು. ಅರಿವಿ ಮುಟ್ಟಿದ್ರ ಅದು ಕಾಟನ್ನೋ ಪಾಲಿಸ್ಟರೋ ಗೊತ್ತಾಗವಲ್ದು. ಗಲ್ಲಾದ ಮ್ಯಾಲೆ ಕುಂತು ಏನ್ ಮಾಡ್ಲಿ?"

ಕೆಲವರಿಗೆ ಆ ಕೀಮೋದಿಂದ ನರಗಳು ಹಾಗಾಗುತ್ತವೆ. ಕೆಲವರಿಗೆ ವಾಸಿಯಾಗುತ್ತದೆ, ಕೆಲವರಿಗೆ ಇಲ್ಲ. ಅದನ್ನು ಹೇಳಿದೆ.

ಶಾಂಭವಿ ತಮಿಳಿನಲ್ಲೇ ಕೇಳಿದಳು: "ಮೇಡಂ, ಇಂದ ಟೆಸ್ಟ್ ಮುನ್ನಾಡಿಯೇ ಪಣ್ಣಿಯಿರುಕ್ಕಲಾಮಾ?" ಈ ಪರೀಕ್ಷೆಯನ್ನು ಮೊದಲೇ ಮಾಡಬಹುದಿತ್ತಾ?

"ಪ್ರೋಟೋಕಾಲ್ ಮಾ..." ಎಂದು ಚೀಫ್ ಬಾಗಿಲಿನಿಂದ ಶುರು ಮಾಡಿದರು.

"ಮಾಡಬಹುದಿತ್ತು" ಅಂದೆ. "ಸ್ಲೈಡ್ ಆವತ್ತೂ ಅದೇ ಕಪಾಟಿನಲ್ಲಿತ್ತು. ಒಪ್ಪಿಗೆ ಕೊಡುವ ಸಹಿ ನನ್ನದಾಗಿರಲಿಲ್ಲ."

ಗುರುಸಿದ್ದಪ್ಪ ಚೀಫ್ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಈಗ ನಿಮ್ಮ ಸಹಿ ನಡೀತೈತಿ?"

"ನಡೆಯತ್ತೆ."

"ನಡುವ ಏನ್ ಕಲತ್ರಿ ಹೊಸಾದು?"

"ಏನೂ ಇಲ್ಲ."

ಅವರು ತಲೆಯಾಡಿಸಿದರು. ಹೊರಡಲು ಎದ್ದು, ಬಿಚ್ಚಿಹೋಗಿದ್ದ ಅಂಗಿಯ ತೋಳಿನ ಗುಂಡಿಯನ್ನು ಹಾಕಿಕೊಳ್ಳಲು ನೋಡಿದರು. ಬೆರಳಿಗೆ ಅದು ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ. ಮಗಳು ಕೈಚೀಲ ಕೆಳಗಿಟ್ಟು ಬಂದು ಹಾಕಿದಳು.